ಅಕ್ಕ ಪೇಟ ಕೇಳಿದ ಮಳೆಗಾಲ

ಕಳೆದ ವಾರ ನಂಜನಗೂಡಿನಿಂದ ನರಸೀಪುರದ ಬಸ್ಸು ಹತ್ತಿದ್ದೆ. ಹದಿನಾರು ಎಂಬ ಊರಿನ ಬಯಲಿನ ನಾಲೆಗೆ ನೀರು ಬಿಟ್ಟಿದ್ದರು. ಉತ್ತು ಹದ ಮಾಡಿದ ಗದ್ದೆಯ ಕೆಸರು, ಕೊಳೆತ ಸೊಪ್ಪು, ಟಿಲ್ಲರಿನ ಡೀಸೆಲ್ ಎಲ್ಲ ಬೆರೆತ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಅಕ್ಕ ಮಲಗಿದ್ದ ಕೋಣೆಗೆ ಬರುತ್ತಿದ್ದದ್ದೂ ಇದೇ ವಾಸನೆ. ನರಸೀಪುರದ ಅಂಚಿನ ಆ ಮನೆಯ ಹಿತ್ತಲಿಗೆ ಅಂಟಿಕೊಂಡೇ ಗದ್ದೆ. ಒಂದು ಮಳೆಗಾಲದ ಬಹುಪಾಲನ್ನು ನಾನು ಅಲ್ಲಿ, ಅವಳ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಳೆದೆ.

ಅಕ್ಕನ ಹೆಸರು ಸುಶೀಲ. ನರಸೀಪುರದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದಳು. ನಮ್ಮೂರು ಹೆಡತಲೆಯ ಮನೆಯಲ್ಲಿ ಮೊದಲು ಸರ್ಕಾರಿ ಕೆಲಸ ಹಿಡಿದವಳು ಅವಳು. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವಳೂ ಅವಳೇ. ನಾನೀಗ ನಂಜನಗೂಡಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಸಾಕ್ಷಿ ಅಳುತ್ತಾ ಹೇಳಿದ್ದಾಗಲಿ, ವಕೀಲರು ಅರಚಿ ಹೇಳಿದ್ದಾಗಲಿ, ಅಕ್ಕನ ಬೆರಳಿನ ಕೆಳಗೆ ನೆಟ್ಟಗೆ ಸಾಲಾಗಿ ನಿಲ್ಲುತ್ತಿತ್ತು. ಒತ್ತಕ್ಷರ ತಪ್ಪಿದ ಹಾಳೆಯನ್ನು ಅವಳು ಮೇಜಿನಿಂದ ಮೇಲೇಳಲು ಬಿಡುತ್ತಿರಲಿಲ್ಲ. ಯಾರಾದರೂ ಮದುವೆಯ ಕಾಗದ ಕೊಟ್ಟರೆ ಮೊದಲು ತಪ್ಪು ಹುಡುಕಿ, ಆಮೇಲೆ ಮದುವೆ ಯಾವತ್ತು ಎಂದು ಕೇಳುವಳು.

ಅಂಥವಳ ಎಡಗೈ ಕಿರುಬೆರಳು ಒಂದು ದಿನ ಕೀಲಿಯ ಮೇಲೆ ಬೀಳದಾಯಿತು. ಆಮೇಲೆ ಉಳಿದ ಬೆರಳು, ಕೈ, ಕಾಲು. ಮಾತು ಮೊದಮೊದಲು ಎಳೆದೆಳೆದು ಬರುತ್ತಿತ್ತು, ಕೊನೆಗೆ ನಿಂತೇಹೋಯಿತು. ಮೈಯನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆ, ಇದಕ್ಕೆ ಗುಣವಾಗುವ ಮದ್ದಿಲ್ಲ ಎಂದರು ಮೈಸೂರಿನ ಡಾಕ್ಟರು. ಎರಡು ವರ್ಷದೊಳಗೆ ಅಕ್ಕನ ಪಾಲಿಗೆ ಉಳಿದದ್ದು ಮುಖ ಮತ್ತು ಬಲಗೈಯ ಒಂದಿಷ್ಟು ಕಸುವು. ಅವ್ವ ಹೆಡತಲೆಯ ಮನೆಗೆ ಬೀಗ ಹಾಕಿ ಮಗಳ ಹತ್ತಿರ ಬಂದಳು.

ಅಂಥ ರೋಗಿಗಳಿಗೆ ಮಾತಿನ ಅಭ್ಯಾಸ ಮಾಡಿಸುವ ಒಬ್ಬರು ನಮಗೊಂದು ಹಳೆಯ ಸಾಧನ ಕೊಟ್ಟಿದ್ದರು. ನಿಂಬೆಹಣ್ಣಿನ ಗಾತ್ರದ ರಬ್ಬರ್ ಉಂಡೆ, ಅದಕ್ಕೊಂದು ಸಣ್ಣ ಕೊಳವೆ, ಕೊಳವೆಯ ತುದಿಯಲ್ಲಿ ಬೆಂಕಿಪೊಟ್ಟಣದಂಥ ಡಬ್ಬಿ. ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡದ ವರ್ಣಮಾಲೆ ಸಾಲುಸಾಲಾಗಿ ಬೆಳಗುತ್ತಿತ್ತು. ಬೇಕಾದ ಸಾಲು ಬೆಳಗಿದಾಗ ಉಂಡೆಯನ್ನು ಹಿಸುಕಬೇಕು. ಆಗ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಅಕ್ಷರ ಬಂದಾಗ ಮತ್ತೊಮ್ಮೆ ಹಿಸುಕಬೇಕು. ಗುಣಿತ ಆಮೇಲೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅವ್ವನ ಅನ್ನ ಬೆಂದಿರುತ್ತಿತ್ತು. ಆದರೂ ಅದು ಅಕ್ಕನ ಮಾತು. ಮೊದಲ ದಿನ ಅವಳು ಬರೆದದ್ದು, "ಸಾರಿಗೆ ಉಪ್ಪು ಜಾಸ್ತಿ."

ಆ ಮಳೆಗಾಲಕ್ಕೆ ಮುಂಚಿನ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಬರಹ ಕೆಡತೊಡಗಿತು. "ನೀರು" ಎನ್ನಬೇಕಾದಲ್ಲಿ "ತೀಯು" ಎಂದು ಬರುತ್ತಿತ್ತು. "ಗೀತಾ" ಎಂಬ ನನ್ನ ಹೆಸರು "ಕೀತಾ" ಆಯಿತು. ಎಳೆಮಕ್ಕಳ ತೊದಲಿನ ಹಾಗೆ. ಅಕ್ಕ ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು, ಮತ್ತೆ ಅದೇ ಬರುತ್ತಿತ್ತು. ನೋಡನೋಡುತ್ತಾ ಅವಳ ಕಣ್ಣು ತುಂಬುತ್ತಿತ್ತು.

ಅದೇ ಹೊತ್ತಿಗೆ ಡಾಕ್ಟರು ಅವಳ ಉಸಿರಾಟ ಇಳಿಯುತ್ತಿದೆ ಎಂದರು. "ಮುಂದೆ ಗಂಟಲಿಗೆ ರಂಧ್ರ ಮಾಡಿ ಮಿಷನ್ ಹಾಕಬೇಕಾಗಬಹುದು. ಬೇಕೋ ಬೇಡವೋ ಅಂತ ಅವರೇ ಹೇಳಿದರೆ ಒಳ್ಳೇದು," ಎಂದು ಅಕ್ಕನ ಎದುರಿಗೇ ಕೂತು ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ನಾನು ಉಂಡೆಯನ್ನು ಅವಳ ಅಂಗೈಗೆ ಇಟ್ಟೆ. ಪರದೆಯ ಮೇಲೆ ಮೂಡಿದ್ದು "ಪೇಟ."

"ಪೇಟ ಅಂದ್ರೆ? ತಲೆಗೆ ಕಟ್ಟೋದಾ?" ಎಂದರು ಡಾಕ್ಟರು. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ "ಪೇಟ." ಕಣ್ಣು ಮುಚ್ಚಿ ತೆರೆದರೆ ಹೌದು ಎಂದು ನಾವು ಗುರುತು ಮಾಡಿಕೊಂಡಿದ್ದೆವು. ಆದರೆ ಆ ಕಾಯಿಲೆಯಲ್ಲಿ ಕಾರಣವೇ ಇಲ್ಲದೆ ನಗು, ಅಳು ಉಕ್ಕಿ ಬರುತ್ತದೆ. ಆ ಗಳಿಗೆಯಲ್ಲಿ ಅಕ್ಕನ ಮುಖ ತಾನೇ ತಾನಾಗಿ ನಗುತ್ತಿತ್ತು, ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ, ಆಮೇಲೆ ಆ ಮಾತೆತ್ತಿದಾಗಲೆಲ್ಲ ಹಾಗೇ ಆಗುತ್ತಿತ್ತು. ಹೊರಗೆ ಬಂದು ಡಾಕ್ಟರು ಮೆಲ್ಲಗೆ, "ಕೆಲವರಿಗೆ ಈ ಕಾಯಿಲೆ ಬುದ್ಧಿಗೂ ತಟ್ಟುತ್ತೆ. ಇನ್ನು ತೀರ್ಮಾನ ನೀವೇ ಮಾಡಬೇಕಾಗುತ್ತೆ," ಎಂದರು.

ನನ್ನ ಭಾವ ಸಿದ್ದರಾಜು ಸರ್ಕಾರಿ ಬಸ್ಸಿನ ಡ್ರೈವರ್. ಅವರು ಒಂದು ನಿಮಿಷವೂ ಯೋಚಿಸಲಿಲ್ಲ. "ಆಕ್ಸ್‌ಬುಡಿ ಸಾ. ಎಂಗಾದ್ರೂ ಸರಿ, ಉಸ್ರಾಡ್ಕಂಡ್ ಕಣ್ಮುಂದೆ ಇರ್ಲಿ," ಎಂದರು.

ಮನೆಗೆ ಬಂದವರೇ ಟ್ರಂಕಿನಿಂದ ತಮ್ಮ ಮದುವೆಯ ಪೇಟ ಹುಡುಕಿ ತೆಗೆದರು. ಜರಿ ಕಪ್ಪಾಗಿತ್ತು. ಅದನ್ನು ತಲೆಗೆ ಇಟ್ಟುಕೊಂಡು ಮಂಚದ ಮುಂದೆ ನಿಂತು, "ನೋಡು ಸುಶೀಲ, ಪೇಟ. ನಮ್ ಮದ್ವೇದು ಕಣೆ. ಇದ್ನೇ ತಾನೆ ಕೇಳಿದ್ದು?" ಎಂದರು. ಅಕ್ಕ ಅಳತೊಡಗಿದಳು. ಹಳೆಯದೆಲ್ಲ ನೆನಪಾಯಿತೇನೋ ಎಂದು ಅವ್ವನೂ ಅತ್ತಳು. ನಾನೂ ಹಾಗೆಯೇ ಅಂದುಕೊಂಡೆ.

ಆಷಾಢದ ಗಾಳಿ ಶುರುವಾದಾಗ ಇನ್ನೊಂದು ಸುದ್ದಿ ಬಂತು. ಆ ಉಂಡೆಯನ್ನು ತಯಾರಿಸಿದ ಕಂಪನಿ ಎಂದೋ ಮುಚ್ಚಿತ್ತು. ಅದನ್ನು ಗುರುತಿಸುತ್ತಿದ್ದದ್ದು ನಾನು ಲ್ಯಾಪ್‌ಟಾಪಿಗೆ ಹಾಕಿದ್ದ, ಊರೂರಿನ ಜನ ಸೇರಿ ಬರೆಯುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದೇ. ಅದರ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಒಂದೊಂದು ಸಾಧನ ಹೇಳುವುದನ್ನು ಕರ್ನಲ್ಲಿಗೆ ಮುಟ್ಟಿಸುವ ಸಣ್ಣ ಕೋಡಿಗೆ ಡ್ರೈವರ್ ಎಂದು ಹೆಸರು. ಅವಸರದಲ್ಲಿ ಬರೆದ, ಇನ್ನೂ ಶುದ್ಧವಾಗದ ಡ್ರೈವರ್‌ಗಳನ್ನು ಕರ್ನಲ್ಲಿನ ಒಂದು ಬದಿಯಲ್ಲಿ ಬೇರೆಯಾಗಿ ಇಟ್ಟಿರುತ್ತಾರೆ. ಯಾರಾದರೂ ಗುಡಿಸಿ ಒರೆಸಿ ಚೊಕ್ಕ ಮಾಡಿದರೆ ಒಳಗೆ ಕರೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಎತ್ತಿ ಹೊರಗೆ ಹಾಕುತ್ತಾರೆ. ನಮ್ಮ ಉಂಡೆಯ ಡ್ರೈವರನ್ನು ಕೇಳುವವರು ಯಾರೂ ಇಲ್ಲ, ಮುಂದಿನ ಆವೃತ್ತಿಯಲ್ಲಿ ತೆಗೆಯುತ್ತೇವೆ ಎಂದು ಆ ಬದಿಯ ಉಸ್ತುವಾರಿಯವನು ಎಲ್ಲರಿಗೂ ಇಮೇಲ್ ಹಾಕಿದ್ದ. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಕೂರಬಹುದಿತ್ತು. ಆದರೆ ಲ್ಯಾಪ್‌ಟಾಪ್ ಆಗಲೇ ಕಾದು ಕಾದು ನಿಂತುಹೋಗುತ್ತಿತ್ತು. ಹೊಸದು ತಂದರೆ ಅದಕ್ಕೆ ಹೊಸ ಕರ್ನಲ್ಲೇ ಬೇಕು. ತೊದಲಾದರೂ ಸರಿ, ಅಕ್ಕನಿಗೆ ಉಳಿದಿದ್ದ ಮಾತು ಅದೊಂದೇ. ನಾನು ಮಾಡುತ್ತೇನೆ ಎಂದು ಉತ್ತರ ಬರೆದೆ.

ಕಾಲೇಜಿಗೆ ಸಂಬಳವಿಲ್ಲದ ರಜೆ ಹಾಕಿದೆ. ಬಟ್ಟೆ ತುಂಬಿಕೊಂಡು ನರಸೀಪುರಕ್ಕೆ ಬಂದೆ. ಕೋಡ್ ತೆರೆದು ನೋಡಿದರೆ ಗಾಬರಿಯಾಯಿತು. ಅಡ್ಡಾದಿಡ್ಡಿ ಸಾಲುಗಳು, ಯಾರೋ ಅರ್ಧಕ್ಕೆ ಬಿಟ್ಟು ಹೋದ ತುಂಡುಗಳು, ಏನೆಂದು ಹೇಳದ ಬರೀ ಅಂಕಿಗಳು, ತೆಗೆದುಕೊಂಡ ಮೆಮೊರಿಯನ್ನು ತಿರುಗಿ ಕೊಡದೆ ಬಿಟ್ಟ ಜಾಗಗಳು. ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ತಿದ್ದಿ ಕಳಿಸಿದೆ. ಉಸ್ತುವಾರಿಯವನು, ಎಲ್ಲೋ ದೂರದ ಚಳಿದೇಶದವನು, ವಾಪಸ್ ಕಳಿಸಿದ. ಒಂದು ತಿದ್ದುಪಡಿಯಲ್ಲಿ ಒಂದೇ ಕೆಲಸ ಇರಬೇಕು, ಯಾಕೆ ಮಾಡಿದಿರೆಂದು ಬರೆಯಬೇಕು ಎಂದ. ಸಾಲು ನೇರ ಮಾಡುವುದಕ್ಕೆ ಒಂದು, ಸತ್ತ ಕೋಡು ತೆಗೆಯುವುದಕ್ಕೆ ಇನ್ನೊಂದು, ಹೀಗೆ ಬಿಡಿಸಿ ಬಿಡಿಸಿ ಕಳಿಸತೊಡಗಿದೆ.

ಒಂದು ಸಂಜೆ ಭಾವ ಡಿಪೋದಿಂದ ಬಂದವರು ನನ್ನ ಹೆಗಲ ಮೇಲಿಂದ ಇಣುಕಿ, "ಅದೇನವ್ವ ದಿನಾ ಮಾಡ್ತಿದ್ದೀಯೆ?" ಎಂದರು.

"ಡ್ರೈವರ್ ಕ್ಲೀನ್ ಮಾಡ್ತಿದೀನಿ ಭಾವ."

"ನನ್ನ್ಯಾಕವ್ವ ಕ್ಲೀನ್ ಮಾಡೀಯೆ? ಈಗ್ತಾನೆ ಮೈ ತೊಳ್ಕಂಡ್ ಬಂದಿವ್ನಿ."

ಅವ್ವ ನಕ್ಕಳು. ಅಕ್ಕನ ಮುಖದಲ್ಲೂ ನಗು ಬಂತು. ಅದು ತಾನಾಗಿ ಬಂದ ನಗುವೋ ಅವಳು ನಕ್ಕದ್ದೋ ಗೊತ್ತಾಗದೆ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಶ್ರಾವಣದಲ್ಲಿ ಕಬಿನಿ ತುಂಬಿ ನೀರು ಹೊರಗೆ ಬಿಟ್ಟರು. ನಂಜನಗೂಡಿನ ಸ್ನಾನಘಟ್ಟ ಮುಳುಗಿದೆ, ಮೈಸೂರಿನ ರಸ್ತೆಯ ಮೇಲೆ ನೀರು ನಿಂತಿದೆ ಎಂದು ಫೋನು ಬಂತು. ಅಲ್ಲಿ ಹರಿದ ನೀರೇ ನರಸೀಪುರಕ್ಕೆ ಬಂದು ಕಾವೇರಿಗೆ ಸೇರಬೇಕು. ಊರಿನ ಕೆಳಗೆ ಎರಡು ಹೊಳೆಯೂ ಕೆಂಪಗೆ ಮೇಲೆದ್ದಿದ್ದವು. ಮನೆಯಲ್ಲಿ ಒಣಗದ ಬಟ್ಟೆ, ಹೊರಗೆ ನಾಟಿಗೆ ಸಿದ್ಧವಾದ ಕೆಸರು. ಆ ಜಿಟಿಜಿಟಿಯಲ್ಲಿ ನಾನು ಒಂದು ಸಣ್ಣ ತಿದ್ದುಪಡಿ ಕಳಿಸಿದೆ. ಕೋಡಿನ ಒಂದು ಕಡೆ ಡಬ್ಬಿಯಿಂದ ಒಂದು ಅಂಕಿಯನ್ನು ಓದಿ ಇಟ್ಟುಕೊಂಡು, ಅದನ್ನು ಮತ್ತೆಲ್ಲೂ ಬಳಸಿರಲಿಲ್ಲ. ಹೀಗೆ ಬಳಸದೆ ಬಿಟ್ಟದ್ದನ್ನು ತೆಗೆದುಹಾಕುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ್ದು. ತೆಗೆದಿದ್ದೆ.

ಮಧ್ಯಾಹ್ನ ಉಸ್ತುವಾರಿಯವನ ಉತ್ತರ ಬಂತು. ಈ ಸಾಧನ ನಿಮ್ಮ ಬಳಿ ಇದೆಯೇ ಎಂದು ಕೇಳಿದ್ದ. ಬರೆದವನು ಸುಮ್ಮನೆ ಆ ಅಂಕಿಯನ್ನು ಓದಿರಲಾರ, ತೆಗೆಯುವ ಮುಂಚೆ ಅದು ಏಕೆ ಅಲ್ಲಿತ್ತು ಎಂದು ತಿಳಿದುಕೊಳ್ಳಿ ಎಂದಿದ್ದ.

ಅಕ್ಕ ನಿದ್ದೆ ಮಾಡುತ್ತಿದ್ದಳು. ಅವ್ವ ಬಾಗಿಲಲ್ಲಿ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದಳು. ನಾನು ಆ ಹೆಸರಿಲ್ಲದ ಅಂಕಿಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಾ ಹೋದೆ. ಡಬ್ಬಿ ಎರಡು ಗಡಿಗಳನ್ನು ಹೇಳುತ್ತಿತ್ತು. ಒತ್ತಡ ಒಂದು ಗಡಿ ದಾಟಿ ಏರಿದರೆ ಕೈ ಹಿಸುಕಿದೆ ಎಂದರ್ಥ. ಅದಕ್ಕಿಂತ ಬಹಳ ಕೆಳಗಿನ ಇನ್ನೊಂದು ಗಡಿಗೆ ಇಳಿದರೆ ಮಾತ್ರ ಕೈ ಬಿಟ್ಟಿದೆ ಎಂದರ್ಥ. ಡ್ರೈವರ್ ಬರೆದವನು ಎರಡನೆಯದನ್ನು ಓದಿದ್ದ, ಬಳಸಲು ಮರೆತಿದ್ದ. ಹಿಸುಕುವುದಕ್ಕೂ ಬಿಡುವುದಕ್ಕೂ ಮೊದಲ ಗಡಿಯನ್ನೇ ಇಟ್ಟಿದ್ದ. ಗಟ್ಟಿ ಕೈಯಾದರೆ ಚಟ್ಟನೆ ಹಿಸುಕಿ ಚಟ್ಟನೆ ಬಿಡುತ್ತದೆ, ವ್ಯತ್ಯಾಸವೇ ತಿಳಿಯದು. ಸೋತ ಕೈ ನಿಧಾನವಾಗಿ ಬಿಡುವಾಗ ಒತ್ತಡ ಆ ಗಡಿಯ ಮೇಲೆಯೇ ತುಯ್ದಾಡುತ್ತದೆ. ಒಂದು ಸಲ ಹಿಸುಕಿದ್ದನ್ನು ಕಂಪ್ಯೂಟರ್ ಎರಡು ಸಲ ಎಂದು ಎಣಿಸುತ್ತದೆ.

ಅಕ್ಕನ ಅಂಗೈಯಿಂದ ಉಂಡೆಯನ್ನು ಮೆಲ್ಲಗೆ ಬಿಡಿಸಿಕೊಂಡೆ. "ಗ" ಬರೆಯಲೆಂದು ಕ ಸಾಲು ಬೆಳಗಿದಾಗ ಹಿಸುಕಿ, ಆದಷ್ಟು ನಿಧಾನವಾಗಿ ಬಿಟ್ಟೆ. ನಾನು ಇನ್ನೊಮ್ಮೆ ಹಿಸುಕುವ ಮೊದಲೇ ಸಾಲಿನ ಮೊದಲ ಅಕ್ಷರ ತಾನಾಗಿ ಬಿತ್ತು. ಕ. ಕೀತಾ. ತ ಥ ದ ಧ ನ ಸಾಲಿನಲ್ಲಿ "ನ" ಬೇಕೆಂದರೆ ತ ಬಿತ್ತು. ಯ ರ ಲ ವ ಸಾಲಿನಲ್ಲಿ "ರ" ಬೇಕೆಂದರೆ ಯ ಬಿತ್ತು. ತೀಯು. ಅಕ್ಕ ಆರಿಸಿದ್ದ ಸಾಲು ಪ್ರತಿ ಸಲವೂ ಸರಿಯಾಗಿತ್ತು. ಅಕ್ಷರ ಆರಿಸಲು ಅವಳಿಗೆ ಅವಕಾಶವೇ ಸಿಕ್ಕಿರಲಿಲ್ಲ.

ಆಮೇಲೆ ನಾನು ಉಂಡೆ ಹಿಸುಕಲಿಲ್ಲ. ಪರದೆಯ ಮೇಲಿನ ಎರಡು ಸಾಲುಗಳನ್ನು ನೋಡುತ್ತಾ ಕೂತೆ. ಪ ಫ ಬ ಭ ಮ. ಟ ಠ ಡ ಢ ಣ. ಪೇಟ.

ಬೇಡ.

"ಯಾಕವ್ವ ಇಂಗ್ ಕುಂತ್‌ಬುಟ್ಟೆ?" ಎಂದು ಅವ್ವ ಸೊಪ್ಪು ಬಿಟ್ಟು ಎದ್ದು ಬಂದಳು. ನಾನು ಪರದೆಯ ಕಡೆ ಬೆರಳು ತೋರಿಸಿದೆ. ಅವಳಿಗೆ ಏನು ಅರ್ಥವಾಯಿತೋ, ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸರಿ ಮಾಡಲು ನಾಲ್ಕಾರು ಸಾಲು ಸಾಕಾಯಿತು. ಅಕ್ಕ ಎದ್ದಾಗ ಉಂಡೆಯನ್ನು ಅವಳ ಕೈಗೆ ಕೊಟ್ಟು, "ಅಕ್ಕ, ನನ್ನ ಹೆಸರು ಬರಿ," ಎಂದೆ. ಬಹಳ ಹೊತ್ತಾಯಿತು. "ಗೀತಾ" ಎಂದು ಮೂಡಿತು. ಅವಳು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಮತ್ತೆ ಪರದೆ, ಮತ್ತೆ ನನ್ನ ಮುಖ. ನಾನು ಏನೂ ಕೇಳುವ ಮೊದಲೇ ಬರೆಯತೊಡಗಿದ್ದಳು.

ಭಾವ ಬರುವ ಹೊತ್ತಿಗೆ ಬರೆದು ಮುಗಿಸಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದವರಿಗೆ ನಾನು ಪರದೆ ತೋರಿಸಿದೆ. "ಪೇಟ ಅಲ್ಲ. ಬೇಡ. ಮಿಷನ್ ಬೇಡ. ನನ್ನ ತಲೆ ಸರಿಯಾಗಿದೆ. ನಿಮ್ಮ ಮೇಲೆ ಕೋಪ ಇಲ್ಲ."

ಭಾವ ಅದನ್ನು ಓದಿದರು. ಬಸ್ಸಿನ ಬೋರ್ಡು ಓದುವವರ ಹಾಗೆ ತುಟಿಯಾಡಿಸುತ್ತಾ ಇನ್ನೊಮ್ಮೆ ಓದಿದರು. ಖಾಕಿ ಅಂಗಿಯನ್ನೂ ಬದಲಾಯಿಸದೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹನಿಯುವ ಮಳೆಯಲ್ಲೇ ಕೂತರು. ನಾನು ಹಿಂದೆಯೇ ಹೋದೆ.

"ಅದ್ಯಾಕವ್ವ ಅದ್ನ ಸರಿ ಮಾಡ್ದೆ?" ಎಂದರು. ದನಿ ಜೋರಾಗಿರಲಿಲ್ಲ. "ಪೇಟ ಅಂತ್ಲೇ ಅಂದ್ಕಂಡಿದ್ರೆ ನಂಗೆ ಅವ್ಳು ಉಳೀತಿದ್ಲು. ಈಗ ನಾನ್ ಎಂಗವ್ವ ಮಿಷನ್ ಆಕ್ಸ್ಲಿ?"

ಬಾಗಿಲಲ್ಲಿ ನಿಂತಿದ್ದ ಅವ್ವನೇ ಹೇಳಿದಳು. "ಬುಡಪ್ಪ. ಅವ್ಳ ಮಾತ್ನ ಅವ್ಳ ಕೈಗ್ ಕೊಟ್ಟವ್ಳೆ, ಅಷ್ಟೆ. ಎತ್ತೋಳು ನಾನು, ನಂಗೇನ್ ಅವ್ಳು ಓಗ್ಲಿ ಅಂತ ಇದ್ದದಾ?" ಆಮೇಲೆ ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಬಾಯಿಗೆ ಸೆರಗು ತುಂಬಿಕೊಂಡು ಅತ್ತಳು.

ಎಷ್ಟೋ ದಿನ ಭಾವ ಉಂಡೆಯಿದ್ದ ಕಡೆ ನೋಡಲಿಲ್ಲ. ಅಕ್ಕನಿಗೆ ಗಂಜಿ ಕುಡಿಸುವರು, ಮಗ್ಗುಲು ಬದಲಿಸುವರು, ಮೈ ಒರೆಸುವರು, ಪರದೆಯ ಕಡೆ ಮಾತ್ರ ತಿರುಗರು. ಒಂದು ಭಾನುವಾರ ತಾವೇ ಲ್ಯಾಪ್‌ಟಾಪನ್ನು ಮಂಚದ ಹತ್ತಿರಕ್ಕೆ ಎಳೆದು, "ಅದೇನ್ ಏಳ್ಬೇಕೋ ಏಳು, ಕೇಳ್ತೀನಿ," ಎಂದರು. ನಾನು ಅವ್ವನ ಜೊತೆ ಅಡುಗೆಮನೆಗೆ ಹೋದೆ. ಗಂಡಹೆಂಡಿರು ಏನು ಮಾತಾಡಿಕೊಂಡರೋ ನಮಗೆ ತಿಳಿಯದು. ಒಮ್ಮೆ ಭಾವ ನಕ್ಕದ್ದು ಕೇಳಿಸಿತು. ಮರುದಿನ ಅವರೇ ಡಾಕ್ಟರಿಗೆ ಫೋನ್ ಮಾಡಿ, "ಅವ್ಳ್ ಮಾತು ಅವ್ಳೇ ಏಳವ್ಳೆ ಸಾ. ಅಂಗೇ ಆಗ್ಲಿ," ಎಂದರು.

ಆಮೇಲಿನ ದಿನಗಳಲ್ಲಿ ಅಕ್ಕ ಬಹಳ ಮಾತಾಡಿದಳು. ಅವ್ವನಿಗೆ ಹೆಡತಲೆಯ ಬೇಲಿ ಸರಿ ಮಾಡಿಸಲು ಹೇಳಿದಳು. ನನ್ನ ಕೋಡನ್ನು ನೋಡಿ "ಮಾರ್ಜಿನ್ ಸರಿಯಿಲ್ಲ" ಎಂದು ಬರೆದಳು. ಆಷಾಢದಲ್ಲೂ ಇದನ್ನೇ ಹೇಳಿದ್ದಳಂತೆ. ಆಗ ಪರದೆಯ ಮೇಲೆ ಬಂದಿದ್ದದ್ದು "ಪಾಯ್ಚಿತ್." ಪ್ರಾಯಶ್ಚಿತ್ತ ಎನ್ನುತ್ತಿದ್ದಾಳೆ, ಯಾವ ತಪ್ಪಿಗೋ ಏನೋ ಎಂದು ಅವ್ವ ದಿನವಿಡೀ ಕೊರಗಿದ್ದಳು. ಈಗ ಅದನ್ನು ಹೇಳಿ ನಾವು ನಾಲ್ವರೂ ನಕ್ಕೆವು.

ಕರ್ನಲ್ಲಿಗೆ ಕಳಿಸುವ ತಿದ್ದುಪಡಿಯ ಕೊನೆಯಲ್ಲಿ ಅದನ್ನು ಪರೀಕ್ಷಿಸಿದವರ ಹೆಸರು ಬರೆಯುವ ಪದ್ಧತಿಯಿದೆ. ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ಅಕ್ಕ "ಕೋರ್ಟಿನಲ್ಲಿ ಹಾಳೆಯ ಮೂಲೆಗೆ ಇನಿಶಿಯಲ್ ಮಾತ್ರ. ಇಲ್ಲಿ ಪೂರ್ತಿ ಹೆಸರು ಹಾಕು," ಎಂದು ಬರೆದಳು. ಹಾಕಿ ಕಳಿಸಿದೆ.

ಭಾದ್ರಪದ ಮುಗಿಯುವಾಗ ಮಳೆ ಬಿಟ್ಟು ಬಿಸಿಲು ಬಿತ್ತು. ನಾಟಿಯಾದ ಗದ್ದೆ ಹಸಿರಾಗಿತ್ತು. ಅಂಥ ಒಂದು ಮಧ್ಯಾಹ್ನ ಅಕ್ಕನ ಉಸಿರು ಸಣ್ಣದಾಗುತ್ತಾ ಹೋಯಿತು. ಉಸಿರುಗಟ್ಟಿ ಒದ್ದಾಡದಂತೆ ಡಾಕ್ಟರು ಮೊದಲೇ ಮದ್ದು ಕೊಟ್ಟಿದ್ದರು. ಭಾವ ಅವಳ ಬಲಗೈಯನ್ನು ತಮ್ಮ ಅಂಗೈಯಲ್ಲಿ ಹಿಡಿದು ಕೂತಿದ್ದರು. ಅವ್ವ ತಲೆ ಸವರುತ್ತಿದ್ದಳು. ಹೀಗೆ ಹೋದಳು. ಹೆಡತಲೆಯಿಂದ ಬಂದ ನಮ್ಮವರು ಬುದ್ಧವಂದನೆ ಹೇಳಿದರು. ಭಾವನ ಊರಿನ ಹೊಲದಲ್ಲಿ ಮಣ್ಣು ಮಾಡಿದೆವು.

ಆಮೇಲೆ ಭಾವ ನನ್ನೊಡನೆ ಮಾತಾಡಲಿಲ್ಲ. ಜಗಳವೇನೂ ಇಲ್ಲ. ನನ್ನನ್ನು ಕಂಡರೆ ಮುಖ ಬೇರೆ ಕಡೆ ಹೋಗುತ್ತಿತ್ತು, ಫೋನು ಮಾಡಿದರೆ ಅವ್ವನ ಕೈಗೆ ಕೊಡುತ್ತಿದ್ದರು. ನಾನು ನಂಜನಗೂಡಿಗೆ ಬಂದು ಪಾಠ ಶುರು ಮಾಡಿದೆ.

ಕಾರ್ತಿಕದಲ್ಲಿ ಉಸ್ತುವಾರಿಯವನ ಇಮೇಲ್ ಬಂತು. ಡ್ರೈವರ್ ಈಗ ಚೊಕ್ಕವಾಗಿದೆ, ಒಳಗೆ ಸೇರಿಸುವ ಮುಂಚೆ ತಾನು ಒಂದೆರಡು ಸಾಲು ಬದಲಿಸಿದ್ದೇನೆ, ಸುಶೀಲ ಅವರು ಇನ್ನೊಮ್ಮೆ ಪರೀಕ್ಷಿಸಬಹುದೇ ಎಂದು ಕೇಳಿದ್ದ. ಆ ಸಾಲನ್ನು ನಾನು ಕ್ಲಾಸಿನ ನಡುವೆ ಫೋನಿನಲ್ಲಿ ಓದಿದೆ. ಪಾಠ ಮುಂದುವರಿಸಲಾಗದೆ ಮಕ್ಕಳನ್ನು ಹೊರಗೆ ಕಳಿಸಿದೆ. ಅವರು ತೀರಿಕೊಂಡರು, ನಾನೇ ಪರೀಕ್ಷಿಸುತ್ತೇನೆ ಎಂದು ಬರೆದೆ. ದುಃಖವಾಯಿತು, ಅವಸರವೇನಿಲ್ಲ ಎಂದು ಎರಡೇ ಮಾತಿನ ಉತ್ತರ ಬಂತು.

ಉಂಡೆ ನರಸೀಪುರದಲ್ಲೇ ಇತ್ತು. ಶನಿವಾರ ಹೋದೆ. ಭಾವನಿಗೆ ರಜೆ. ಜಗಲಿಯ ಮೇಲೆ ಕೂತಿದ್ದವರು ನನ್ನನ್ನು ಕಂಡು ತಲೆಯಾಡಿಸಿದರು, ಅಷ್ಟೇ. ನಾನು ಇಮೇಲಿನ ವಿಷಯವನ್ನು ಭಾವನಿಗೂ ಕೇಳಿಸುವಂತೆ ಅವ್ವನಿಗೆ ಹೇಳಿ, ಅಲ್ಲೇ ಲ್ಯಾಪ್‌ಟಾಪ್ ತೆರೆದು ಡಬ್ಬಿ ಸಿಕ್ಕಿಸಿದೆ. ಸೋತ ಕೈ ಬಿಡುವ ಹಾಗೆ ನಿಧಾನವಾಗಿ ಬಿಡಬೇಕು, ಆಗಲೇ ಪರೀಕ್ಷೆಗೆ ಅರ್ಥ. ಎಷ್ಟು ಸಲ ಮಾಡಿದರೂ ನನ್ನ ಕೈ ಬೇಗ ಬಿಡುತ್ತಿತ್ತು. ಕಸುವಿರುವ ಕೈಗೆ ಕಸುವಿಲ್ಲದಂತೆ ಇರುವುದು ಬರುತ್ತಿರಲಿಲ್ಲ.

ಭಾವ ನೋಡುತ್ತಾ ಕೂತಿದ್ದರು. ಕೊನೆಗೆ ಹತ್ತಿರ ಸರಿದು, "ಇಂಗಲ್ಲ ಕಣವ್ವ," ಎಂದರು. ಉಂಡೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸ್ಟೇರಿಂಗ್ ಹಿಡಿದು ಒರಟಾದ ದಪ್ಪ ಕೈ. "ಮೊದ್ಲು ಎಬ್ಬೆಟ್ಟು ಸಡ್ಲ ಬುಡೋಳು. ಆಮೇಲೆ ಈ ಬೆಟ್ಟು. ಇದು ವಸಿ ನಡುಗೋದು. ಆಮೇಲಾಮೇಲೆ ಉಳಿದವು."

ಹಿಸುಕಿ, ಹಾಗೆಯೇ ಬಿಟ್ಟರು. ಹೆಬ್ಬೆರಳು, ತೋರುಬೆರಳು, ನಡುಗುತ್ತಾ ನಡುಬೆರಳು. ಪರದೆಯ ಮೇಲೆ ಸಾಲು ಮಾತ್ರ ಆಯ್ಕೆಯಾಯಿತು, ಅಕ್ಷರ ತಾನಾಗಿ ಬೀಳಲಿಲ್ಲ. ಎರಡನೆಯ ಸಲವೂ ಸರಿಯಾಗಿ ಬಂತು. ಹತ್ತಾರು ಸಲ ನೋಡಿದೆ, ಎಲ್ಲೂ ತಪ್ಪಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಭಾವ ಕಣ್ಣು ಮುಚ್ಚಿದ್ದರು. ಹಿಸುಕುತ್ತಿದ್ದರು, ಬಿಡುತ್ತಿದ್ದರು. ಸಾಕು ಎಂದು ನಾನು ಹೇಳಲಿಲ್ಲ.